ಸಾರ್ವಜನಿಕ ಗಣಕಯಂತ್ರಗಳ ಯೋಗಕ್ಷೇಮ

ಯೋಗವೆಂದರೆ ಇಲ್ಲದುದನ್ನು ಪಡೆಯುವುದು. ಕ್ಷೇಮವೆಂದರೆ ಪಡೆದುದನ್ನು ಕಾಪಾಡಿಕೊಳ್ಳುವುದು. ಈ ಎರಡನ್ನೂ ಒಂದೇ ಸಮಾಸದಲ್ಲಿ ಕೂಡಿಸಿ ಯೋಗಕ್ಷೇಮವೆಂದು ವ್ಯವಹರಿಸಿದ ಪ್ರಾಚೀನರು ಲೋಕದ ರೀತಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡ ನಾಡಿನಲ್ಲಿ ಕೆರೆಯನ್ನು ಕಟ್ಟಿಸಿದ ಪುಣ್ಯವಂತರು ಏರಿಯನ್ನು ಹಾಕಿಸಿ ತೂಬನ್ನು ಇಡಿಸಿದ ಮಾತ್ರಕ್ಕೆ ಕೃತಕೃತ್ಯರಾದೆವೆಂದು ಮನೆಗೆ ಹೋಗಲಿಲ್ಲ. ಕೆರೆಯ ರಕ್ಷಣೆಗೆಂದು ಬಿತ್ತುವಟ್ಟವೆಂಬ ದತ್ತಿಯನ್ನು ಬಿಟ್ಟುದು ಶಿಲಾಶಾಸನಗಳಲ್ಲಿ ಕಾಣಬರುತ್ತದೆ. ನೀರನ್ನು ನ್ಯಾಯವಾಗಿ ಹಂಚುವುದಕ್ಕೆ ನೀರುಗಂಟಿಯಿದ್ದನು. ಕಟ್ಟುವ ಧರ್ಮದೊಳಗೆ ಕಾಯುವ ಧರ್ಮವೂ ಅಡಕವಾಗಿತ್ತು. ಶಾಲೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಸಾರ್ವಜನಿಕರ ಉಪಯೋಗಕ್ಕೆಂದು ಇಂದು ಇಡುತ್ತಿರುವ ಗಣಕಯಂತ್ರಗಳ ವಿಷಯದಲ್ಲಿ ಈ ಎರಡನೆಯ ಧರ್ಮವು ಲೋಪಿಸಿದೆ. ಯೋಗವು ಸಂಭ್ರಮದಿಂದ ನಡೆಯುತ್ತಿದೆ, ಕ್ಷೇಮವನ್ನು ಕೇಳುವವರಿಲ್ಲ. ಈ ಲೋಪದ ಫಲವನ್ನು ಉಣ್ಣುವವರು ಯಂತ್ರವನ್ನು ಕೊಟ್ಟವರಲ್ಲ, ಅದನ್ನು ನಂಬಿ ಬಂದ ಬಡವರು ಎಂಬುದೇ ಇಲ್ಲಿ ಪ್ರತಿಪಾದ್ಯವಾದ ವಿಷಯ.

ಯೋಗದ ಭಾಗವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. 1965ರಲ್ಲಿಯೇ ಅಂದಿನ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾಯಿತು. ಪ್ರಜೆಗಳು ಮನೆತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ತೆರುವ ಏರ್ಪಾಡು ಬಂದಿತು. 2004ರಲ್ಲಿ ಕೇಂದ್ರ ಸರ್ಕಾರದವರು ಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸುವ ಯೋಜನೆಯನ್ನು ಆರಂಭಿಸಿದರು. 2019ರಲ್ಲಿ ಐದು ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಅವು ಅರಿವು ಕೇಂದ್ರಗಳೆಂಬ ಹೆಸರನ್ನು ತಳೆದು, ಅನೇಕ ಕಡೆಗಳಲ್ಲಿ ಗಣಕಯಂತ್ರವನ್ನೂ ಅಂತರಜಾಲವನ್ನೂ ಪಡೆದಿವೆ. ಹಿಂದೆ ಪಟ್ಟಣಕ್ಕೆ ಹೋಗಿ ಬಸ್ಸಿನ ಖರ್ಚು ತೆತ್ತು ಮಾಡಬೇಕಾಗಿದ್ದ ಕೆಲಸವನ್ನು ಹಳ್ಳಿಯ ಹುಡುಗನು ಊರಿನಲ್ಲಿಯೇ ಮಾಡಿಕೊಳ್ಳುವುದು ಸಣ್ಣ ಉಪಕಾರವಲ್ಲ. ಆದರೆ ಉಪಕಾರವು ದೊಡ್ಡದಾದಷ್ಟೂ ಅದರಿಂದಾಗಬಹುದಾದ ಅಪಕಾರವೂ ದೊಡ್ಡದಾಗಿರುತ್ತದೆ.

ಈಗ ಆ ಯಂತ್ರಗಳ ಸ್ಥಿತಿಯನ್ನು ನೋಡುವುದು ಯುಕ್ತ. ಎಷ್ಟೋ ಕಡೆಗಳಲ್ಲಿ ಯಂತ್ರಕ್ಕೆ ಒಂದೇ ಬಾಗಿಲು, ಒಳಹೊಕ್ಕವರೆಲ್ಲರೂ ಯಜಮಾನರೇ. ಯಂತ್ರದೊಳಗೆ ಹೊಸ ತಂತ್ರಾಂಶವನ್ನು ಸೇರಿಸುವ, ಇದ್ದುದನ್ನು ಅಳಿಸುವ, ರಕ್ಷಣೆಯನ್ನು ನಿಲ್ಲಿಸುವ ಅಧಿಕಾರವು ಮೇಲ್ವಿಚಾರಕನಿಗೆ ಎಷ್ಟೋ, ಹೊತ್ತುಕಳೆಯಲು ಬಂದು ಕುಳಿತ ಅಪರಿಚಿತನಿಗೂ ಅಷ್ಟೇ. ಪಾಸ್‌ವರ್ಡ್ ಎಂಬ ಗುಪ್ತಪದವು ಇದ್ದರೂ ಅದು ಹೆಸರಿಗೆ ಮಾತ್ರ ಗುಪ್ತ. ಒಂದರಿಂದ ಆರರವರೆಗಿನ ಅಂಕೆಗಳೋ, ಶಾಲೆಯ ಹೆಸರೋ ಆಗಿದ್ದು, ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಲ್ಪಟ್ಟಿರುತ್ತದೆ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಿಗೇ ತೂಗಹಾಕಿದಂತೆ ಇದು.

ಎರಡನೆಯ ದೋಷವು ಯಂತ್ರದ ಒಳಗಿನ ಜೀರ್ಣತೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದಲ್ಲಿ ಕಾಲಕಾಲಕ್ಕೆ ಬಿರುಕುಗಳು ಕಂಡುಬರುತ್ತವೆ. ತಯಾರಕರು ಅವುಗಳಿಗೆ ತೇಪೆಯನ್ನು ಕಳುಹಿಸುತ್ತಿರುತ್ತಾರೆ. ಈ ಸೇವೆಗೆ ಅವಧಿಯುಂಟು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಅದು ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಸೇವೆಯು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಬೇರೆಯಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನು ಸ್ವಲ್ಪಕಾಲದ ಮುಂದುವರಿಕೆಯುಂಟು. ಹಳೆಯ ಯಂತ್ರಗಳಲ್ಲಿ ಬಹುಭಾಗವು ಅದರ ಮುಂದಿನ ಆವೃತ್ತಿಯನ್ನು ತಾಳುವ ಅಂಗಗಳನ್ನೇ ಹೊಂದಿಲ್ಲ. ಹೀಗಿರಲಾಗಿ, ಅವಧಿ ಮುಗಿದ ತಂತ್ರಾಂಶದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ ಸಾರ್ವಜನಿಕರನ್ನು ಕರೆಯುವುದು, ಕಾಲುಕೊಳೆತ ಅಟ್ಟದ ಮೇಲೆ ಮಕ್ಕಳನ್ನು ಕೂರಿಸಿದಂತೆ. ಅಟ್ಟವು ನಿನ್ನೆ ಬೀಳಲಿಲ್ಲವೆಂಬುದು ಇಂದು ಬೀಳದೆಂಬುದಕ್ಕೆ ಪ್ರಮಾಣವಲ್ಲ.

ಮೂರನೆಯದು ಪೆನ್‌ಡ್ರೈವಿನ ಸಂಚಾರ. ಒಂದೇ ಯಂತ್ರಕ್ಕೆ ದಿನವೊಂದಕ್ಕೆ ಹತ್ತಾರು ಜನರ ಪೆನ್‌ಡ್ರೈವುಗಳು ಚುಚ್ಚಲ್ಪಡುತ್ತವೆ. ಒಂದರಲ್ಲಿದ್ದ ವೈರಸ್ಸು ಯಂತ್ರಕ್ಕೂ, ಯಂತ್ರದಿಂದ ಮಿಕ್ಕವರ ಪೆನ್‌ಡ್ರೈವುಗಳಿಗೂ, ಅಲ್ಲಿಂದ ಜೆರಾಕ್ಸ್ ಅಂಗಡಿಗೂ ಶಾಲೆಯ ಕಛೇರಿಗೂ ಹಬ್ಬುತ್ತದೆ. ಕಡತಗಳೆಲ್ಲ ಮರೆಯಾಗಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳು ಮಾತ್ರ ಉಳಿಯುವ ಪೀಡೆಯನ್ನು ಕಾಣದ ಶಾಲೆ ವಿರಳ. ಯಾರೋ ಒಬ್ಬರು ಯಂತ್ರವನ್ನು ಶುದ್ಧಮಾಡಿ ಹೋಗುವರು. ಮರುದಿನವೇ ಅದೇ ಪೆನ್‌ಡ್ರೈವು ಮರಳಿ ಬರುವುದು. ಮಿಂದ ಆನೆಯು ಮತ್ತೆ ಮೈಮೇಲೆ ಮಣ್ಣನ್ನು ಎರಚಿಕೊಳ್ಳುವ ಗಜಸ್ನಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ನಾಲ್ಕನೆಯದು ಎಲ್ಲಕ್ಕಿಂತ ಸಾಮಾನ್ಯವಾದುದು, ಆದುದರಿಂದಲೇ ಯಾರ ಕಣ್ಣಿಗೂ ದೋಷವೆಂದು ತೋರದುದು. ಕೂಲಿಗಾರನ ಮಗಳೊಬ್ಬಳು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಗ್ರಂಥಾಲಯಕ್ಕೆ ಬರುವಳೆಂದು ಭಾವಿಸಬಹುದು. ಆಧಾರ್ ಚೀಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಭಾವಚಿತ್ರ, ಇವೆಲ್ಲವನ್ನೂ ಯಂತ್ರಕ್ಕೆ ಇಳಿಸಿಕೊಂಡು, ಅಲ್ಲಿಂದ ಅರ್ಜಿಗೆ ಏರಿಸಿ, ಮಿಂಚಂಚೆಯನ್ನು ತೆರೆದು ನೋಡಿ, ಅವಳು ಎದ್ದುಹೋಗುವಳು. ಇಳಿಸಿಕೊಂಡ ಪತ್ರಗಳೆಲ್ಲ ಯಂತ್ರದಲ್ಲಿಯೇ ಉಳಿಯುತ್ತವೆ. ಬ್ರೌಸರು ಅವಳ ಗುಪ್ತಪದವನ್ನು ನೆನಪಿಟ್ಟುಕೊಳ್ಳಲೇ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ಆ ಕಿಟಕಿಯನ್ನು ಮುಚ್ಚುವ ಆತುರದಲ್ಲಿ ಅವಳು ಆಗಲಿ ಎಂದು ಒತ್ತಿರುತ್ತಾಳೆ. ಅವಳ ಬಳಿಕ ಕುಳಿತವನು ಕಳ್ಳನಾಗಬೇಕಾದರೆ ಯಾವ ವಿದ್ಯೆಯೂ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಒಬ್ಬರ ಮಿಂಚಂಚೆಯು ಕೈವಶವಾದರೆ, ಗುಪ್ತಪದವನ್ನು ಮರೆತೆನೆಂದು ಹೇಳಿ ಅವರ ಮಿಕ್ಕ ಖಾತೆಗಳನ್ನು ಒಂದೊಂದಾಗಿ ತೆರೆಯುವ ದಾರಿಯೂ ಸಿಕ್ಕಿದಂತೆಯೇ. ಅವರ ಪತ್ರಗಳಿಂದ ಅವರ ಹೆಸರಿನಲ್ಲಿಯೇ ಬೇರೊಬ್ಬನು ವ್ಯವಹರಿಸಲೂಬಹುದು. ತಿಂಗಳ ಬಳಿಕ ಅನರ್ಥವು ತಲೆದೋರಿದಾಗ, ಅದರ ಮೂಲವು ಆ ಮಧ್ಯಾಹ್ನದಲ್ಲಿತ್ತೆಂದು ಅವಳಿಗೆ ಹೊಳೆಯುವುದೂ ಇಲ್ಲ.

ಇದು ಕೇವಲ ಊಹೆಯೆನ್ನುವವರಿಗೆ ಹೊರದೇಶಗಳ ವೃತ್ತಾಂತವು ಉತ್ತರವಾಗುತ್ತದೆ. ನ್ಯೂಯಾರ್ಕ್ ನಗರದಲ್ಲಿ, ಸಾರ್ವಜನಿಕರಿಗೆ ಗಣಕಯಂತ್ರವನ್ನು ಬಾಡಿಗೆಗೆ ಕೊಡುತ್ತಿದ್ದ ನಕಲು ಅಂಗಡಿಗಳ ಯಂತ್ರಗಳಲ್ಲಿ ಒಬ್ಬ ತರುಣನು ಬೆರಳೊತ್ತನ್ನೆಲ್ಲ ಬರೆದಿಟ್ಟುಕೊಳ್ಳುವ ತಂತ್ರಾಂಶವನ್ನು ಅಡಗಿಸಿ, 450ಕ್ಕೂ ಮಿಕ್ಕ ಗುಪ್ತಪದಗಳನ್ನು ಅಪಹರಿಸಿದನು. 2003ರಲ್ಲಿ ನ್ಯಾಯಾಲಯದ ಮುಂದೆ ಅಪರಾಧವನ್ನು ಒಪ್ಪಿಕೊಂಡನು. 2011ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ವಿಲ್ಮ್‌ಸ್ಲೋ ಮತ್ತು ಹ್ಯಾಂಡ್‌ಫರ್ತ್ ಎಂಬ ಊರುಗಳ ಗ್ರಂಥಾಲಯಗಳಲ್ಲಿ ಇದಕ್ಕಿಂತಲೂ ಸರಳವಾದ ಉಪಾಯವು ಬಯಲಾಯಿತು. ಕೀಲಿಮಣೆಯ ತಂತಿಗೂ ಯಂತ್ರದ ಬೆನ್ನಿಗೂ ನಡುವೆ, ಪೆನ್‌ಡ್ರೈವಿನಂತೆ ತೋರುವ ಒಂದು ಸಣ್ಣ ಸಾಧನವನ್ನು ಯಾರೋ ಸಿಕ್ಕಿಸಿಟ್ಟಿದ್ದರು. ಒತ್ತಿದ ಪ್ರತಿಯೊಂದು ಅಕ್ಷರವೂ ಅದರಲ್ಲಿ ದಾಖಲಾಗುತ್ತಿತ್ತು. ಇದಕ್ಕೆ ತಂತ್ರಾಂಶ ಬೇಡ, ಗುಪ್ತಪದ ಬೇಡ. ಯಂತ್ರದ ಹಿಂಬದಿಯನ್ನು ಯಾರೂ ನೋಡುವುದಿಲ್ಲವೆಂಬ ಒಂದೇ ನಂಬಿಕೆ ಸಾಕು. ಆ ನಂಬಿಕೆಯು ಕನ್ನಡ ನಾಡಿನ ಗ್ರಂಥಾಲಯಗಳ ವಿಷಯದಲ್ಲಿ ಸುಳ್ಳೆಂದು ಎಷ್ಟು ಮಂದಿ ಎದೆತಟ್ಟಿ ಹೇಳಬಲ್ಲರು?

ಆಕ್ರಮಣವು ಒಬ್ಬೊಬ್ಬ ಓದುಗನ ಮೇಲಲ್ಲದೆ ಸಂಸ್ಥೆಯ ಮೇಲೆಯೇ ನಡೆದ ಪ್ರಸಂಗಗಳೂ ಉಂಟು. 2017ರ ಜನವರಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಾರ್ವಜನಿಕ ಗ್ರಂಥಾಲಯದ ಹದಿನಾರು ಶಾಖೆಗಳಲ್ಲಿ ಸುಮಾರು 700 ಗಣಕಯಂತ್ರಗಳನ್ನು ದುಷ್ಟರು ಸ್ತಂಭಿಸಿ, ಬಿಡುಗಡೆಗೆ 35,000 ಡಾಲರುಗಳನ್ನು ಕೇಳಿದರು. ಗ್ರಂಥಾಲಯದವರು ಬಿಡಿಗಾಸನ್ನೂ ಕೊಡದೆ, ಬೇರೆಯಾಗಿ ಕಾಪಾಡಿದ್ದ ಪ್ರತಿಗಳಿಂದ ಎಲ್ಲವನ್ನೂ ಪುನಃ ಕಟ್ಟಿದರು. ಅದೇ ವರ್ಷದ ಮೇ 12ರಂದು ವಾನಾಕ್ರೈ ಎಂಬ ಪೀಡೆಯು 150ಕ್ಕೂ ಮಿಕ್ಕ ದೇಶಗಳಿಗೆ ಹಬ್ಬಿತು. ಅದನ್ನು ತಡೆಯುವ ತೇಪೆಯು ಮಾರ್ಚ್ ತಿಂಗಳಲ್ಲಿಯೇ ಪ್ರಕಟವಾಗಿತ್ತು. ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರು ಕೆಟ್ಟರು. 2023ರ ಅಕ್ಟೋಬರ್ 28ರಂದು ಕೆನಡಾದ ಟೊರಾಂಟೊ ನಗರದ ನೂರು ಶಾಖೆಗಳ ಗ್ರಂಥಾಲಯವು ಇಂಥದೇ ಆಕ್ರಮಣಕ್ಕೆ ತುತ್ತಾಯಿತು. ಸಾರ್ವಜನಿಕ ಯಂತ್ರಗಳು ತಿಂಗಳುಗಟ್ಟಲೆ ನಿಂತವು. ಓದುಗರು ಹಿಂದಿರುಗಿಸಿದ ಸುಮಾರು ಹತ್ತು ಲಕ್ಷ ಪುಸ್ತಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದೆ ಲಾರಿಯ ಪೆಟ್ಟಿಗೆಗಳಲ್ಲಿ ತುಂಬಿಡಬೇಕಾಯಿತು.

ಅದೇ ದಿನಗಳಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೂ ಅದೇ ಗತಿಯಾಯಿತು. ಬಾರ್ನೆಟ್ ಎಂಬ ವಿದ್ವಾಂಸನು 1910ರಲ್ಲಿ ಪಟ್ಟಿಮಾಡಿ ಪ್ರಕಟಿಸಿದ ಕನ್ನಡ ಮುದ್ರಿತ ಗ್ರಂಥಗಳ ಭಂಡಾರವು ಅಲ್ಲಿಯೇ ಇರುವುದರಿಂದ ಕನ್ನಡಿಗರಿಗೂ ಇದು ದೂರದ ಸುದ್ದಿಯಲ್ಲ. ಸುಮಾರು 600 ಗಿಗಾಬೈಟಿನಷ್ಟು ಮಾಹಿತಿಯು ಸೂರೆಯಾಯಿತು. ಗ್ರಂಥಸೂಚಿಯನ್ನು ನೋಡಲು ವಿದ್ವಾಂಸರು 2024ರ ಜನವರಿಯವರೆಗೆ ಕಾಯಬೇಕಾಯಿತು. ಆ ಸಂಸ್ಥೆಯವರು ತಮ್ಮ ಲೋಪಗಳನ್ನು ಮುಚ್ಚಿಡದೆ 2024ರ ಮಾರ್ಚಿನಲ್ಲಿ ವರದಿಯೊಂದನ್ನು ಪ್ರಕಟಿಸಿದುದು ಶ್ಲಾಘ್ಯ. ಗುಪ್ತಪದದ ಜೊತೆಗೆ ಎರಡನೆಯ ಪರೀಕ್ಷೆಯಿಲ್ಲದ ಬಾಗಿಲೊಂದು ತೆರೆದಿತ್ತು, ಹಳೆಯದಾಗಿ ಉಳಿದುಬಂದ ವ್ಯವಸ್ಥೆಗಳು ಚೇತರಿಕೆಗೆ ಅಡ್ಡಿಯಾದವು ಎಂಬುದು ಅದರ ಸಾರ. ಈ ದೊಡ್ಡ ಆಕ್ರಮಣಗಳೆಲ್ಲ ಓದುಗರ ಮೇಜಿನ ಯಂತ್ರದಿಂದಲೇ ಒಳಹೊಕ್ಕವೆಂದು ಹೇಳಲಾಗದು. ಆದರೆ ಬೀಗವಿಲ್ಲದ ಬಾಗಿಲು, ಹಾಕದ ತೇಪೆ, ಹಳೆಯ ಯಂತ್ರ ಎಂಬ ಕಾರಣಗಳು ಎಲ್ಲೆಡೆಯೂ ಅವೇ. ಅಷ್ಟು ಧನಬಲವೂ ವಿದ್ವದ್ಬಲವೂ ಇದ್ದ ಸಂಸ್ಥೆಗಳೇ ಅಲಕ್ಷ್ಯದಿಂದ ನೊಂದವೆಂದ ಮೇಲೆ, ಒಬ್ಬ ಮೇಲ್ವಿಚಾರಕನನ್ನು ನಂಬಿದ ಹಳ್ಳಿಯ ಗ್ರಂಥಾಲಯದ ಗತಿಯೇನು?

ಇನ್ನು ಪೂರ್ವಪಕ್ಷಗಳನ್ನು ವಿಚಾರಿಸಬೇಕು. ಇಂಥ ಯಂತ್ರಗಳಲ್ಲಿ ಕದಿಯತಕ್ಕ ವಸ್ತುವೇನಿದೆ, ಮಕ್ಕಳು ಚಿತ್ರ ಬರೆಯುವರು, ಮುದುಕರು ಪತ್ರಿಕೆ ಓದುವರು ಎಂಬುದು ಮೊದಲನೆಯ ವಾದ. ಕದಿಯತಕ್ಕುದು ಯಂತ್ರದಲ್ಲಿಲ್ಲ, ಯಂತ್ರದ ಮೂಲಕ ಹಾದುಹೋಗುತ್ತದೆ. ದೋಣಿಯಲ್ಲಿ ಧನವಿಲ್ಲವೆಂದು ದೋಣಿಯ ತೂತನ್ನು ಉಪೇಕ್ಷಿಸುವುದುಂಟೆ? ಮೇಲಾಗಿ, ಶಾಲೆಯಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ, ತಂದೆಯ ದೂರವಾಣಿ, ಆಧಾರ್ ಸಂಖ್ಯೆ ಇವುಗಳ ಪಟ್ಟಿಯನ್ನು ಸಿದ್ಧಪಡಿಸುವ ಯಂತ್ರವೂ ಮಕ್ಕಳು ಆಡುವ ಯಂತ್ರವೂ ಎಷ್ಟೋ ಕಡೆ ಒಂದೇ ಆಗಿರುತ್ತದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ ಅವರ ವಿವರಗಳಿಗೆ ವಿಶೇಷ ರಕ್ಷಣೆಯನ್ನು ವಿಧಿಸುತ್ತದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರತಕ್ಕವಾಗಿ ಪ್ರಕಟವಾದವು. ಕಾಯಿದೆಯು ಅಮೂಲ್ಯವೆಂದು ಹೇಳಿದುದನ್ನು ಶಾಲೆಯು ಬೆಲೆಯಿಲ್ಲದ್ದೆಂದು ಹೇಳುವುದು ಹೇಗೆ?

ಉಪಯೋಗಿಸುವವರೇ ಎಚ್ಚರದಿಂದಿರಬೇಕೆಂಬುದು ಎರಡನೆಯ ವಾದ. ಈ ವಾದವು ಗೋಡೆಯ ಮೇಲೆ ಎಚ್ಚರಿಕೆಯ ಹಲಗೆಯಾಗಿ ತೂಗುತ್ತಿರುತ್ತದೆ. ಹಲಗೆಯನ್ನು ತೂಗಿಹಾಕಿದವರು ತಮ್ಮ ಹೊಣೆಯೂ ಅಲ್ಲಿಗೇ ತೀರಿತೆಂದು ಭಾವಿಸುವರು. ಮನೆಯಲ್ಲಿ ಸ್ವಂತ ಯಂತ್ರವುಳ್ಳವನು ಇಲ್ಲಿಗೆ ಬರುವುದಿಲ್ಲ. ಬರುವವರು ಯಂತ್ರವನ್ನು ಹೊಸದಾಗಿ ಮುಟ್ಟಿದವರು, ಇಂಗ್ಲಿಷಿನ ಸೂಚನೆಯನ್ನು ಓದಲಾರದವರು, ಅರ್ಜಿಯ ಕೊನೆಯ ದಿನದ ಆತಂಕದಲ್ಲಿರುವವರು. ಅವರ ಅಜ್ಞಾನವನ್ನು ತೊಡೆಯುವುದಕ್ಕೆಂದೇ ಹುಟ್ಟಿದ ಸಂಸ್ಥೆಯು ಆ ಅಜ್ಞಾನವನ್ನೇ ಅವರ ಅಪರಾಧವೆಂದು ಎಣಿಸುವುದು ವಿಪರೀತ. ಯಂತ್ರದ ಬೆನ್ನಿಗೆ ಸಿಕ್ಕಿಸಿದ ಸಾಧನವನ್ನು ಎಚ್ಚರದ ಓದುಗನಾದರೂ ಹೇಗೆ ಕಂಡಾನು? ಬಾವಿಗೆ ಕಟ್ಟೆಯನ್ನು ಕಟ್ಟಿಸಬೇಕಾದವನು ಮಕ್ಕಳಿಗೆ ಜೋಕೆಯಿಂದಿರಲು ಹೇಳಿದೆನೆಂದರೆ ಊರಿನವರು ಒಪ್ಪುವರೆ?

ಹಣವಿಲ್ಲವೆಂಬುದು ಮೂರನೆಯ ವಾದ. ಮುಖ್ಯವಾದ ರಕ್ಷಣೆಗಳಲ್ಲಿ ಹೆಚ್ಚಿನವು ಹಣವನ್ನು ಬೇಡುವುದೇ ಇಲ್ಲ. ಓದುಗರಿಗೆ ಬೇರೆ ಖಾತೆ, ಯಜಮಾನಿಕೆಗೆ ಬೇರೆ ಖಾತೆ ಮಾಡುವುದಕ್ಕೆ ಅರ್ಧ ಗಂಟೆ ಸಾಕು. ಹಳೆಯ ಯಂತ್ರಗಳಿಗೆ ಬೆಲೆಯಿಲ್ಲದೆ ದೊರೆಯುವ ಸ್ವತಂತ್ರ ತಂತ್ರಾಂಶವುಂಟು. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಶಾಲಾ ಗಣಕ ಯೋಜನೆಯು ಕ್ರಮೇಣ ಸ್ವತಂತ್ರ ತಂತ್ರಾಂಶವನ್ನೇ ಅವಲಂಬಿಸಿತು. ಅದರ ಮುಂದುವರಿಕೆಯಾಗಿ 2017ರಲ್ಲಿ ಏರ್ಪಟ್ಟ ಕೈಟ್ ಸಂಸ್ಥೆಯು ಶಾಲೆಗಳಿಗೆ ಒಪ್ಪುವ ಗ್ನು ಲಿನಕ್ಸ್ ಆವೃತ್ತಿಯನ್ನು ತಾನೇ ಸಿದ್ಧಪಡಿಸಿ ಹಂಚುತ್ತದೆ, ಉಪಾಧ್ಯಾಯರಿಗೆ ಶಿಕ್ಷಣವನ್ನೂ ಕೊಡುತ್ತದೆ. ಇದನ್ನು ಅನುಸರಿಸುವುದರಲ್ಲಿ ಕನ್ನಡಿಗರಿಗೆ ಮಾನಹಾನಿಯಿಲ್ಲ. ನಿಜವಾಗಿ ಹಣ ಬೇಕಾದುದು ನೋಡಿಕೊಳ್ಳುವ ಮನುಷ್ಯನಿಗೆ. ಯಂತ್ರವನ್ನು ಕೊಳ್ಳಲು ಹಣವುಂಟು, ಆರಂಭೋತ್ಸವದ ಹಾರತುರಾಯಿಗಳಿಗೆ ಹಣವುಂಟು, ಕಾಯುವವನಿಗೆ ಮಾತ್ರ ಇಲ್ಲವೆಂದರೆ ಅದು ದಾರಿದ್ರ್ಯವಲ್ಲ, ಅಶ್ರದ್ಧೆ.

ಇಷ್ಟೆಲ್ಲ ಭಯವಿದ್ದರೆ ಯಂತ್ರವನ್ನು ಕೊಠಡಿಯಲ್ಲಿಟ್ಟು ಬೀಗ ಹಾಕುವುದೇ ಲೇಸೆಂಬುದು ನಾಲ್ಕನೆಯ ವಾದ. ಎಷ್ಟೋ ಶಾಲೆಗಳಲ್ಲಿ ಇದು ವಾದವಾಗಿ ಉಳಿಯದೆ ಆಚಾರವೇ ಆಗಿದೆ. ಕೆಟ್ಟರೆ ತಮ್ಮ ತಲೆಗೆ ಬಂದೀತೆಂದು ಉಪಾಧ್ಯಾಯರು ಯಂತ್ರಕ್ಕೆ ಬಟ್ಟೆ ಹೊದಿಸಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳುವರು. ಇಲಾಖೆಯ ಪರಿಶೀಲಕರು ಬಂದ ದಿನ ಮಾತ್ರ ಮಕ್ಕಳಿಗೆ ಅದರ ದರ್ಶನಲಾಭ. ಇದು ರಕ್ಷಣೆಯಲ್ಲ, ಸಂಹಾರ. ಹಾಗೆಂದು ಉಪಾಧ್ಯಾಯರನ್ನೇ ಹಳಿಯುವುದು ಸಲ್ಲದು. ಕೆಟ್ಟುದನ್ನು ಸರಿಪಡಿಸುವವರನ್ನು ಕೊಡದೆ, ಕೆಟ್ಟುದಕ್ಕೆ ಉತ್ತರವನ್ನು ಮಾತ್ರ ಕೇಳುವ ಇಲಾಖೆಯು ಈ ಭಯದ ಜನಕ. ಕಾಯುವ ಏರ್ಪಾಡಿದ್ದರೆ ಬೀಗದ ಅಗತ್ಯವಿರುತ್ತಿರಲಿಲ್ಲ. ಮಕ್ಕಳು ನಿರ್ಭಯವಾಗಿ ಕಲಿಯುತ್ತಿದ್ದರು.

ಕಾಯಿದೆಯ ಪಕ್ಷಪಾತವನ್ನೂ ಇಲ್ಲಿ ಗಮನಿಸಬೇಕು. 2011ರಲ್ಲಿ ಕೇಂದ್ರ ಸರ್ಕಾರದವರು ಸೈಬರ್ ಕೆಫೆಗಳಿಗೆ ನಿಯಮಗಳನ್ನು ವಿಧಿಸಿದರು. ಬಂದವರ ಗುರುತಿನ ಚೀಟಿಯನ್ನು ನೋಡಬೇಕು, ದಾಖಲೆ ಪುಸ್ತಕವನ್ನು ಒಂದು ವರ್ಷ ಕಾಪಾಡಬೇಕು, ಅಡ್ಡಗೋಡೆಯು ನಾಲ್ಕೂವರೆ ಅಡಿಗಿಂತ ಎತ್ತರವಾಗಕೂಡದು ಎಂಬಿವೇ ಮೊದಲಾದ ಕಟ್ಟಳೆಗಳು ಅವುಗಳಲ್ಲಿವೆ. ಆ ನಿಯಮಗಳು ವ್ಯಾಪಾರಕ್ಕೆಂದು ಅಂತರಜಾಲವನ್ನು ಒದಗಿಸುವವರನ್ನು ಉದ್ದೇಶಿಸಿದವು. ಹತ್ತು ರೂಪಾಯಿ ಪಡೆಯುವ ಅಂಗಡಿಯವನಿಗೆ ಇಷ್ಟು ನಿರ್ಬಂಧವನ್ನು ವಿಧಿಸಿದ ಸರ್ಕಾರವು, ತಾನೇ ಇರಿಸಿದ ಯಂತ್ರಕ್ಕೆ ಅಷ್ಟೇ ಕಟ್ಟುನಿಟ್ಟನ್ನು ವಿಧಿಸಿಕೊಳ್ಳುವುದು ಬೇಡವೆ? ಆದರೆ ಕೆಫೆಯ ನಿಯಮಗಳನ್ನೇ ಗ್ರಂಥಾಲಯಕ್ಕೆ ಎಳೆದು ತರುವುದೂ ಸರಿಯಲ್ಲ. ಅವುಗಳಲ್ಲಿ ಹೆಚ್ಚಿನವು ಬಂದವನನ್ನು ಕಾಯುವುದಕ್ಕಲ್ಲ, ಬಂದವನ ಮೇಲೆ ಕಣ್ಣಿಡುವುದಕ್ಕೆ ಹುಟ್ಟಿದವು. ಯಾರು ಯಾವ ಹೊತ್ತಿನಲ್ಲಿ ಏನನ್ನು ಓದಿದರೆಂದು ಬರೆದಿಡುವುದು ರಕ್ಷಣೆಯಲ್ಲ. ಓದುಗನ ಗುಟ್ಟಿಗೆ ಗ್ರಂಥಾಲಯವೇ ಕನ್ನ ಕೊರೆದಂತೆ. ಕಾವಲು ಬೇರೆ, ಬೇಹು ಬೇರೆ.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ಓದುಗರ ಖಾತೆಗೆ ಯಜಮಾನಿಕೆಯ ಅಧಿಕಾರವಿರಕೂಡದು; ಯಜಮಾನಿಕೆಯ ಗುಪ್ತಪದವು ಮೇಲ್ವಿಚಾರಕನಲ್ಲಿಯೂ, ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯಸ್ಥರಲ್ಲಿಯೂ ಇರತಕ್ಕುದು. ಎರಡನೆಯದಾಗಿ, ಒಬ್ಬನು ಎದ್ದು ಇನ್ನೊಬ್ಬನು ಕೂರುವುದರೊಳಗೆ ಹಿಂದಿನವನ ಕುರುಹೆಲ್ಲವೂ ತಾನಾಗಿಯೇ ಅಳಿಯಬೇಕು. ಯಂತ್ರವನ್ನು ಪುನಃ ಆರಂಭಿಸಿದೊಡನೆ ಮೊದಲಿನ ಶುದ್ಧಸ್ಥಿತಿಗೆ ಮರಳಿಸುವ ತಂತ್ರಾಂಶಗಳು ಬಹುಕಾಲದಿಂದ ಬಳಕೆಯಲ್ಲಿವೆ. ಮೂರನೆಯದಾಗಿ, ತೇಪೆ ದೊರೆಯದ ತಂತ್ರಾಂಶವನ್ನು ಕೂಡಲೆ ಬದಲಾಯಿಸಬೇಕು. ನಾಲ್ಕನೆಯದಾಗಿ, ಕಛೇರಿಯ ಯಂತ್ರವೂ ಓದುಗರ ಯಂತ್ರವೂ ಒಂದೇ ಜಾಲದಲ್ಲಿರಕೂಡದು. ಮುಖ್ಯ ಕಡತಗಳ ಪ್ರತಿಯೊಂದು ಯಂತ್ರದಿಂದ ಬಿಡಿಸಿದ ಸ್ಥಿತಿಯಲ್ಲಿ ಬೇರೆಡೆ ಇರಬೇಕು. ಸೇಂಟ್ ಲೂಯಿಸಿನವರನ್ನು ಉಳಿಸಿದುದು ಇಂಥ ಪ್ರತಿಯೇ. ಐದನೆಯದಾಗಿ, ಕೀಲಿಮಣೆಯ ತಂತಿಯು ಕಣ್ಣಿಗೆ ಕಾಣುವಂತೆ ಮುಂಬದಿಯಲ್ಲಿರಬೇಕು. ಪ್ರತಿದಿನವೂ ಬಾಗಿಲು ತೆರೆದೊಡನೆ ಕಸ ಗುಡಿಸುವಷ್ಟೇ ಸಹಜವಾಗಿ ಯಂತ್ರದ ಬೆನ್ನನ್ನು ನೋಡಬೇಕು. ಆರನೆಯದಾಗಿ, ಯಂತ್ರದ ಸೂಚನೆಗಳು ಕನ್ನಡದಲ್ಲಿರಬೇಕು. ಅರ್ಥವಾಗದ ಪ್ರಶ್ನೆಗೆ ಆಗಲಿ ಎಂದವರು ಸಮ್ಮತಿಸಿದಂತಾಗುವುದಿಲ್ಲ.

ಇವೆಲ್ಲಕ್ಕೂ ಮೂಲವಾದುದು ಏಳನೆಯದು. ಹೋಬಳಿಗೋ ತಾಲ್ಲೂಕಿಗೋ ಒಬ್ಬ ಬಲ್ಲವನನ್ನು ನೇಮಿಸಿ, ಶಾಲೆ ಗ್ರಂಥಾಲಯಗಳ ಯಂತ್ರಗಳನ್ನು ತಿಂಗಳಿಗೊಮ್ಮೆ ನೋಡುವ ಹೊಣೆಯನ್ನು ಅವನಿಗೆ ವಹಿಸಬೇಕು. ಯಂತ್ರವನ್ನು ಮಂಜೂರುಮಾಡುವ ಆಜ್ಞೆಯಲ್ಲಿಯೇ ಅದರ ಆಯುಷ್ಯವೆಷ್ಟು, ವರ್ಷವರ್ಷದ ರಕ್ಷಣೆಗೆ ಹಣವೆಷ್ಟು, ಹೊಣೆ ಯಾರದು ಎಂಬುದು ನಮೂದಾಗಿರಬೇಕು. ಹಿಂದಿನವರು ಕೆರೆಗೆ ಬಿಟ್ಟ ಬಿತ್ತುವಟ್ಟದಂತೆ ಇದು ಯಂತ್ರದ ಬಿತ್ತುವಟ್ಟವಾಗಲಿ. ಅದಿಲ್ಲದ ಮಂಜೂರಾತಿಯನ್ನು ಪಂಚಾಯತಿಯವರು ದಾನವೆಂದು ಸ್ವೀಕರಿಸಬಾರದು, ಋಣವೆಂದು ತಿಳಿಯಬೇಕು.

ಅನರ್ಥವು ನಡೆದಾಗ ಮುಚ್ಚಿಡುವ ಚಾಳಿಯೂ ತೊಲಗಬೇಕು. ಆಕ್ರಮಣವು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್‌ಇನ್ ಎಂಬ ಕೇಂದ್ರ ಸಂಸ್ಥೆಯು 2022ರ ಏಪ್ರಿಲ್ 28ರಂದು ಆಜ್ಞಾಪಿಸಿತು. ಹಣವನ್ನು ಕಳೆದುಕೊಂಡವರು ದೂರಲು 1930 ಎಂಬ ದೂರವಾಣಿ ಸಂಖ್ಯೆಯೂ ಇದೆ. ಎಚ್ಚರಿಕೆಯ ಹಲಗೆಯ ಬದಲಿಗೆ ಈ ಸಂಖ್ಯೆಯನ್ನಾದರೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದರೆ ನೊಂದವರಿಗೆ ದಾರಿ ತೋರಿದಂತಾದೀತು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಕನ್ನಡಿಗರಿಗೆ ಹೊಸದಲ್ಲ. ಅದನ್ನು ಮತ್ತೊಮ್ಮೆ ಸಾರ್ಥಕಪಡಿಸುವ ಅಗತ್ಯವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಊರಿನ ಮಹಾಜನರು ಮೂರೇ ಪ್ರಶ್ನೆಗಳನ್ನು ಕೇಳಲಿ: ಗ್ರಂಥಾಲಯದ ಯಂತ್ರದ ಗುಪ್ತಪದವು ಎಷ್ಟು ಜನರಿಗೆ ಗೊತ್ತು? ಅದಕ್ಕೆ ಕೊನೆಯ ತೇಪೆಯನ್ನು ಹಾಕಿದುದು ಎಂದು? ಅದು ಕೆಟ್ಟರೆ, ಅದರಿಂದ ಯಾರಾದರೂ ಕೆಟ್ಟರೆ, ಉತ್ತರ ಕೊಡತಕ್ಕವರು ಯಾರು? ಈ ಮೂರಕ್ಕೂ ಉತ್ತರ ದೊರೆತ ಊರಿನಲ್ಲಿ ಮಕ್ಕಳು ಆ ಯಂತ್ರದ ಮುಂದೆ ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು. ದೊರೆಯದ ಊರಿನಲ್ಲಿ, ಯಂತ್ರವು ಬಂದಿದೆಯೆಂಬ ಸಂತೋಷವನ್ನು ಊರಿನವರು ಇನ್ನೂ ಸ್ವಲ್ಪಕಾಲ ತಡೆಹಿಡಿಯುವುದು ಒಳ್ಳೆಯದು.